ಹೊಲದ ಮಾತು, ಕಾಗದದ ಮಾತು: ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದ ಕೃಷಿ ಪದಗಳು

ತಾಂಬಾ: ಮನ್ಯಾಗ ಅಜ್ಜ ‘ಹಿಂಗಾರಿ’ ಅಂತಾರ, ವಿಮೆ ಅರ್ಜಿಯಲ್ಲಿ ‘ರಬಿ’ ಅಂತ ಇರ್ತದ. ಎರಡೂ ಒಂದೇ. ಈಗ ಮನೆಯ ಅರ್ಜಿಗಳನ್ನು ತುಂಬುವವರು ಹೆಚ್ಚಾಗಿ ಶಾಲೆ, ಕಾಲೇಜಿನ ಹುಡುಗರೇ. ಒಂದು ಪದ, ಒಂದು ಅಂಕಿ ತಪ್ಪಿದರೆ ಲುಕ್ಸಾನು ಹೊಲದವರಿಗೆ. ಹಾಗಾಗಿ ಮುಖ್ಯ ಪದಗಳು ಇಲ್ಲಿವೆ.

ಹಂಗಾಮು: ಮುಂಗಾರಿ ಅಂದರೆ ಖಾರಿಫ್. ಜೂನ್–ಜುಲೈ ಮಳೆಗೆ ತೊಗರಿ, ಹೆಸರು, ಸಜ್ಜೆ ಬಿತ್ತುತ್ತಾರೆ. ಹಿಂಗಾರಿ ಅಂದರೆ ರಬಿ. ಉತ್ತರಿ, ಹಸ್ತ ಮಳೆಯ ಹದ ನೋಡಿ ಬಿಳಿಜೋಳ, ಕಡಲೆ ಬಿತ್ತುತ್ತಾರೆ. ತೊಗರಿ ರಾಶಿ ಚಳಿಗಾಲದಲ್ಲಿ ಆದರೂ ಅದು ಮುಂಗಾರಿ ಬೆಳೆಯೇ. ಬಿತ್ತಿದ ಕಾಲ ಲೆಕ್ಕ, ಕೊಯ್ದ ಕಾಲ ಅಲ್ಲ.

ಹದ: ಬಿತ್ತನೆಗೆ ಬೇಕಾದಷ್ಟು ಹಸಿ ಮಣ್ಣಲ್ಲಿ ಇರುವುದು. ಯರಿ ಭೂಮಿ (ಕಪ್ಪು ಮಣ್ಣು) ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಬಿತ್ತಿದ ಮೇಲೆ ಮಳೆ ಕಡಿಮೆ ಬಿದ್ದರೂ ಬಿಳಿಜೋಳ ಬರ್ತದ. ಮಸಾರಿ (ಕೆಂಪು ಮಣ್ಣು) ಬೇಗ ಒಣಗುತ್ತದೆ.

ಖುಷ್ಕಿ, ಬಾಗಾಯ್ತ: ಮಳೆ ಮೇಲೆ ಬೆಳೆಯುವ ಹೊಲ ಖುಷ್ಕಿ. ನೀರು ಕೊಟ್ಟು ತೋಟ ಮಾಡಿದ್ದು ಬಾಗಾಯ್ತ. ಇಂಡಿ ಭಾಗದ ಲಿಂಬೆ ತೋಟ ಇದಕ್ಕೆ ಉದಾಹರಣೆ. ಸಾಗುವಳಿಗೆ ಬಾರದ ಜಾಗಕ್ಕೆ ಉತಾರದಲ್ಲಿ ‘ಖರಾಬು’ ಅಂತ ಬರೆದಿರ್ತದ.

ಎಕರೆ, ಗುಂಟೆ: ಹೆಚ್ಚು ತಪ್ಪಾಗುವುದು ಇಲ್ಲೇ. 40 ಗುಂಟೆಗೆ 1 ಎಕರೆ, 16 ಆಣೆಗೆ 1 ಗುಂಟೆ. ಉತಾರದಲ್ಲಿ 2.20.00 ಅಂತ ಇದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನೇ ಗಣಿತದ ದಶಾಂಶ ಅಂತ ತಿಳಿದು ‘2.20 ಎಕರೆ’ ಎಂದು ತುಂಬಿದರೆ 12 ಗುಂಟೆ ಹೋಯಿತು! 1 ಹೆಕ್ಟೇರ್ ಅಂದರೆ ಸುಮಾರು 2 ಎಕರೆ 19 ಗುಂಟೆ.

ಬೀಜದ ಚೀಟಿ: ನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ. ‘ಮೊಳಕೆ ಪ್ರಮಾಣ’ ಅಂದರೆ ನೂರು ಕಾಳಿಗೆ ಎಷ್ಟು ಮೊಳಕೆ ಒಡೆಯುತ್ತವೆ ಎಂಬುದು. ಪ್ರಮಾಣಿತ ಜೋಳಕ್ಕೆ ಕನಿಷ್ಠ 75, ಕಡಲೆಗೆ 85 ಇರಬೇಕು. ಮನೆಯ ಬೀಜ ಆದರೆ 100 ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿದರೆ ಗೊತ್ತಾಗ್ತದ.

ಗೊಬ್ಬರದ ಅಂಕಿ: ಚೀಲದ ಮೇಲಿನ 10-26-26 ಅಂದರೆ 100 ಕೆ.ಜಿ.ಯಲ್ಲಿ ಸಾರಜನಕ 10, ರಂಜಕ 26, ಪೊಟ್ಯಾಷ್ 26 ಕೆ.ಜಿ. ಡಿಎಪಿ 18-46-0, ಅದರಲ್ಲಿ ಪೊಟ್ಯಾಷ್ ಇಲ್ಲ. ಯೂರಿಯಾದಲ್ಲಿ ಸಾರಜನಕ ಮಾತ್ರ, ಶೇ 46. ಒಂದು ಸಿಗದಿದ್ದಾಗ ಇನ್ನೊಂದು ಒಯ್ಯುವ ಮುಂಚೆ ಈ ಅಂಕಿ ನೋಡಬೇಕು.

ಬೆಳೆ ವಿಮೆ: ಫಸಲ್ ಬಿಮಾ ಯೋಜನೆ 2016ರಲ್ಲಿ ಶುರುವಾಯಿತು. ‘ವಿಮಾ ಮೊತ್ತ’ ಅಂದರೆ ಬೆಳೆಗೆ ಗರಿಷ್ಠ ಎಷ್ಟು ಪರಿಹಾರ ಎಂಬುದು. ‘ಕಂತು’ ಅಂದರೆ ರೈತರು ಕಟ್ಟುವ ಹಣ. ಆಹಾರಧಾನ್ಯ, ಎಣ್ಣೆಕಾಳಿಗೆ ರೈತರ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇ 2ರವರೆಗೆ, ಹಿಂಗಾರಿಗೆ ಶೇ 1.5ರವರೆಗೆ. ಆಣೆಕಲ್ಲು ಮಳೆಯಂಥ ಸ್ಥಳೀಯ ಹಾನಿಯಾದರೆ 72 ತಾಸಿನೊಳಗೆ ತಿಳಿಸಬೇಕು.

ಅರ್ಜಿ ಹಾಕುವ ಮುಂಚೆ ಉತಾರ ಮುಂದಿಟ್ಟುಕೊಂಡು ಹಿರಿಯರನ್ನ ಒಂದು ಮಾತು ಕೇಳಿ. ಹೊಲದಲ್ಲಿ ಏನು ಬಿತ್ತಿದೆ ಅಂತ ಅವರಿಗೆ ಗೊತ್ತು, ಕಾಗದದಲ್ಲಿ ಅದಕ್ಕೆ ಏನಂತಾರ ಅಂತ ನಿಮಗೆ ಗೊತ್ತಿರಲಿ.