ಗೋರುಕದ ಹಾಡು, ಬಿಳಿಗಿರಿಯ ಕಾಡು

ಆಗಸ್ಟ್ 9 ಹತ್ತಿರ ಬಂದರೆ ನಮ್ಮ ಮೊಬೈಲುಗಳಲ್ಲಿ ಆದಿವಾಸಿ ಹಾಡುಗಳ ಸುಗ್ಗಿ. ಅದು ವಿಶ್ವ ಆದಿವಾಸಿಗಳ ದಿನ. ವಿಶ್ವಸಂಸ್ಥೆ 1994ರಲ್ಲಿ ಘೋಷಿಸಿದ್ದು. ಕೊರೊನಾ ಬಂದ ಮೇಲೆ ಇಂಥ ದಿನಗಳ ಹಾಡು-ಕುಣಿತ ಎಷ್ಟೋ ಕಡೆ ಆನ್‌ಲೈನಿಗೆ ಬಂತು. 'ಪ್ರಕೃತಿ ಕಾಯುವವರ ಹಾಡು' ಎಂಬ ಶೀರ್ಷಿಕೆ, ಐದು ನಿಮಿಷದ ವಿಡಿಯೊ, ಕೆಳಗೆ ಚಪ್ಪಾಳೆ. ಚಾಮರಾಜನಗರ ಜಿಲ್ಲೆಯ ಸೋಲಿಗರ ಗೋರುಕ ಹಾಡನ್ನು ನಮ್ಮಲ್ಲಿ ಅನೇಕರು ಮೊದಲು ಕೇಳಿದ್ದೇ ಹೀಗೆ.

ಆದರೆ ಆ ಹಾಡು ಕಾಯುತ್ತದೆ ಎನ್ನುವ ಕಾಡಿನಲ್ಲಿ ಕಳೆದ ಐವತ್ತು ವರ್ಷ ಏನಾಯಿತು ಎಂಬುದು ಆ ಐದು ನಿಮಿಷದಲ್ಲಿ ಸಿಗುವುದಿಲ್ಲ. ಅದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಸೋಲಿಗರು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳವರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಅವರನ್ನು ಹೆಸರಿಸಿದ್ದಾನೆ. ಆದರೆ ಅವರ ಬದುಕು ಬುಕಾನನ್‌ನ ಪುಟಗಳಿಗಿಂತ ಅವರದೇ ಹಾಡು-ಕಥೆಗಳಲ್ಲಿ ಹೆಚ್ಚು ಸಿಗುತ್ತದೆ. ರೊಟ್ಟಿ ಹಬ್ಬದಲ್ಲಿ ರಾಗಿ ರೊಟ್ಟಿಯನ್ನು ದೇವರಿಗಿಟ್ಟು, ಗಂಡಸರು ಹೆಂಗಸರು ಸೇರಿ ರಾತ್ರಿಯೆಲ್ಲ ಹಾಡಿ ಕುಣಿಯುತ್ತಾರೆ. ಗೋರುಕದಲ್ಲಿ ಪ್ರಾಣಿ, ಹಕ್ಕಿ, ಹೂವು, ಮರಗಳ ಹೆಸರು ಒಂದರ ಹಿಂದೊಂದು ಬರುತ್ತವೆ. ಎಳೆಯರು ಕಾಡಿನ ಹೆಸರುಗಳನ್ನು ಕಲಿಯುವುದು ಈ ಕುಣಿತದಲ್ಲೇ.

ಕಥೆಗಳಲ್ಲಿ ಕಾಡಿನೊಡನೆ ನಂಟಸ್ತಿಕೆಯೂ ಇದೆ. ಬಿಳಿಗಿರಿ ರಂಗಯ್ಯ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ. ಹಾಗಾಗಿ ಅವನು ಅವರಿಗೆ ಭಾವ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಸಂಕಮ್ಮನ ಗಂಡ ನೀಲೇಗೌಡ ಜೇನಿಗೆಂದು ಕಾಡಿಗೆ ಹೋಗುವ ಸೋಲಿಗ. ಜೇನು ಕಿತ್ತಾಗ ಹುಲಿಗೂ ಒಂದು ಪಾಲು ಬಿಡಬೇಕು, ಅದಕ್ಕೆ ಮರ ಹತ್ತಲು ಬರುವುದಿಲ್ಲವಲ್ಲ ಎಂದು ಸೋಲಿಗರು ಇಂದಿಗೂ ಹೇಳುತ್ತಾರೆ.

ಈ ನಂಟಿಗೆ ನೆಲದ ಮೇಲೆ ಗಡಿಯೂ ಇತ್ತು. ಒಂದೊಂದು ಕುಲಕ್ಕೆ ಒಂದೊಂದು 'ಎಲ್ಲೆ'. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜೆಯ ಜಾಗಗಳು. ಕಲ್ಲುಗುಡಿ ಎಂದರೆ ಸತ್ತವರ ನೆನಪಿನ ಜಾಗ, ಅಬ್ಬಿ ಎಂದರೆ ನೀರಿನ ನೆಲೆ. ದೊಡ್ಡ ಸಂಪಿಗೆ ಮರ ಇಂಥ ಜಾಗಗಳಲ್ಲಿ ಹೆಸರಾದದ್ದು. ಯಾವ ಕುಲ ಎಲ್ಲಿ ಪೂಜೆ ಮಾಡಬೇಕು, ಯಾವ ಜಾಗಕ್ಕೆ ಯಾರು ಹೊಣೆ ಎಂಬುದೆಲ್ಲ ಹಿರಿಯರ ಬಾಯಲ್ಲೇ ಇತ್ತು.

ಸರ್ಕಾರದ ಕಾಗದದಲ್ಲಿ ಇದಾವುದೂ ಇರಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಕಾಡಿನಿಂದ ಕಾಡಿಗೆ ಸರಿಯುತ್ತ ರಾಗಿ ಬೆಳೆಯುವ ಪದ್ಧತಿ ನಿಂತಿತು. ಜನರನ್ನು ಒಂದೇ ಕಡೆ ಪೋಡುಗಳಲ್ಲಿ ನೆಲೆಗೊಳಿಸಿದರು. ಬೇಟೆಯ ಜೊತೆಗೆ ಬೆಂಕಿಯೂ ಅಪರಾಧವಾಯಿತು.

ಬೆಂಕಿಯ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು. ಸೋಲಿಗರು ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಹಸಿ ಇರುವಾಗ, ಒಣಗಿದ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಇದು ತರಗು ಬೆಂಕಿ. ತರಗು ಸುಟ್ಟು, ಮರ ಉಳಿದು, ಹೊಸ ಹುಲ್ಲು ಬರುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ತಿಳಿವಳಿಕೆ. ಈ ಬದನಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನು ತುಂಬಿತು ಎಂದು ಹಿರಿಯರು ಹೇಳುತ್ತಲೇ ಬಂದರು. ವಿಜ್ಞಾನಿಗಳು 1997ರಲ್ಲಿ ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಬಹಳ ಹೆಚ್ಚಿತ್ತು. ಕಾರಣ ಬೆಂಕಿಯೊಂದೇ ಅಲ್ಲದಿರಬಹುದು. ಆದರೆ ಬೆಂಕಿ ಎಂದರೆ ನಾಶ ಎಂದು ಬರೆದುಬಿಡುವ ನಮ್ಮಂಥ ವರದಿಗಾರರು ಕಾಳ್ಗಿಚ್ಚಿಗೂ ತರಗು ಬೆಂಕಿಗೂ ವ್ಯತ್ಯಾಸ ಕೇಳಲಿಲ್ಲ.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಯಿತು. ಕೆಲವೇ ವರ್ಷಗಳಲ್ಲಿ ಅಭಯಾರಣ್ಯದೊಳಗೆ ಜೇನು, ನೆಲ್ಲಿ, ಪಾಚಿ ತಂದು ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಮಾರುವುದಕ್ಕೂ ತಡೆ ಬಿತ್ತು. ಮನೆಯ ಆದಾಯ ಹೋಯಿತು. ನೆಲ್ಲಿ ಕೊಯ್ಯಲು ಹೋದವರು ಉಪ್ಪಿಲು ಕಡಿದು ಬರುತ್ತಿದ್ದ ರೂಢಿಯೂ ತಪ್ಪಿತು.

ತಿರುವು ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಿಂದ. ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಅದರ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಕಾಡಿನ ಫಲ ತರುವುದಷ್ಟೇ ಅಲ್ಲ, ಕಾಡನ್ನು ಕಾಯುವುದು, ನಿರ್ವಹಿಸುವುದೂ ಸಮುದಾಯದ ಹಕ್ಕು ಎನ್ನುತ್ತದೆ. 2008ರ ಜನವರಿಯಲ್ಲಿ ಬಂದ ನಿಯಮಗಳು ಹಿರಿಯರ ಹೇಳಿಕೆ, ಸಮಾಧಿ, ಪವಿತ್ರ ಸ್ಥಳ, ವಂಶಾವಳಿಗಳನ್ನು ಸಾಕ್ಷ್ಯವೆಂದು ಒಪ್ಪಿದವು. ಬಾಯಿಮಾತಿನ ನೆನಪಿಗೆ ಕಾಗದದ ಬೆಲೆ ಬಂತು. ಸೋಲಿಗರು ಸಂಶೋಧಕರ ಜೊತೆ ನಡೆದು ನೂರಾರು ಪೂಜಾಸ್ಥಳಗಳನ್ನು ನಕ್ಷೆಗೆ ಏರಿಸಿದರು.

2011ರ ಆರಂಭದಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎಬ್ಬಿಸುತ್ತಾರೆ ಎಂಬ ಭಯ ಪೋಡುಗಳಲ್ಲಿ ಹಬ್ಬಿತು. ಆದರೆ ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದ ಹುಲಿ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು.

ಹಕ್ಕುಪತ್ರ ಬಂದ ಮಾತ್ರಕ್ಕೆ ತರಗು ಬೆಂಕಿ ಮರಳಲಿಲ್ಲ. ಜೇನು, ನೆಲ್ಲಿ ತರಬಹುದು, ಆದರೆ ಕಾಡನ್ನು ಹೇಗೆ ನೋಡಿಕೊಳ್ಳಬೇಕು ಎಂಬ ತೀರ್ಮಾನದಲ್ಲಿ ಗ್ರಾಮಸಭೆಯ ಮಾತು ಎಷ್ಟು ನಡೆಯುತ್ತದೆ ಎಂಬ ಪ್ರಶ್ನೆ ಹಾಗೇ ಇದೆ.

ಆನ್‌ಲೈನ್ ಹಬ್ಬಗಳನ್ನು ನಾವು ಬೇಡ ಎನ್ನುವವರಲ್ಲ. ಪೋಡಿನ ಹುಡುಗಿ ಹಾಡಿದ್ದನ್ನು ಬೇರೆ ದೇಶದ ಆದಿವಾಸಿಯೊಬ್ಬರು ಕೇಳುವುದು ಸಣ್ಣ ಮಾತಲ್ಲ. ಆದರೆ ಹಾಡಿನವರನ್ನು 'ಪ್ರಕೃತಿಯ ಮಕ್ಕಳು' ಎಂದು ಕರೆದು, ಅವರು ಮಾಡುತ್ತಿದ್ದ ಕೆಲಸವನ್ನು ಅಪರಾಧವೆಂದ ಚರಿತ್ರೆಯನ್ನು ಬಿಟ್ಟರೆ ಅರ್ಧ ಸುದ್ದಿ ಬರೆದಂತೆ. ಈ ಸಲ ಆಗಸ್ಟ್‌ನಲ್ಲಿ ಗೋರುಕದ ವಿಡಿಯೊ ಹಂಚಿಕೊಳ್ಳುವಾಗ ನಾವು ಹಾಡಿದವರ ಪೋಡಿನ ಹೆಸರನ್ನು, ಅವರ ಗ್ರಾಮಸಭೆಗೆ ಹಕ್ಕುಪತ್ರ ಸಿಕ್ಕಿದೆಯೇ ಎಂಬುದನ್ನು ಕೇಳಿ, ಅದನ್ನೂ ಜೊತೆಗೆ ಬರೆಯುತ್ತೇವೆ.