ಹಿತ್ತಲಿಗೆ ಮೊದಲು ನೀರಿನ ಲೆಕ್ಕ

ಮನೆಯ ಸುತ್ತ ಗಿಡ ಬೆಳೆಸಬೇಕೆನ್ನುವವರು ಚಳಿಗಾಲದಲ್ಲೇ ಬೇಸಿಗೆಯ ನೀರಿನ ಲೆಕ್ಕ ಹಾಕಬೇಕು. ನಮ್ಮ ನಾಡಿನ ಉದ್ಯಾನಗಳ ಇತಿಹಾಸ ಹೇಳುವುದೂ ಇದನ್ನೇ. ಬಿಜಾಪುರದ ಆದಿಲ್‌ಶಾಹಿಗಳು ಕುಮಟಗಿಯಲ್ಲಿ ವಿಹಾರ ಮಂಟಪಗಳನ್ನು ಕಟ್ಟಿಸಿದ್ದು ಕೆರೆಯ ನೆರೆಯಲ್ಲಿ. ಆ ಕೆರೆಯ ನೀರೇ ಕೊಳವೆಗಳಲ್ಲಿ ಹರಿದು ಕಾರಂಜಿಗಳಾಗಿ ಚಿಮ್ಮುತ್ತಿತ್ತು. 1760ರಲ್ಲಿ ಹೈದರಲಿ ಬೆಂಗಳೂರಿನ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. ಟಿಪ್ಪು ಹೊರದೇಶಗಳಿಂದ ಸಸಿ, ಬೀಜ ತರಿಸಿ ಅದನ್ನು ಬೆಳೆಸಿದ.

ಅರಸರಿಗೆ ಕೆರೆಗಳಿದ್ದವು. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯ ಮನೆಗಳಿಗೆ ಇದ್ದದ್ದು ಬಚ್ಚಲ ನೀರು. ಅದು ಹರಿಯುವಲ್ಲಿ ಬಾಳೆ, ಕರಿಬೇವು. ಅದು ಮುಟ್ಟದ ಕಡೆ ನುಗ್ಗೆ, ಬೇವು. ಹೊತ್ತು ತಂದ ನೀರನ್ನು ಎರಡು ಸಲ ದುಡಿಸಿದ ಈ ಜಾಣ್ಮೆ ಹೆಣ್ಣುಮಕ್ಕಳದು. ಅರಸರ ಚರಿತ್ರೆಯಲ್ಲಿ ಅವರ ಹೆಸರಿಲ್ಲ.

ನೀರಿನ ಬೆಲೆಯನ್ನು ಈ ನೆಲಕ್ಕೆ ಹೇಳಿಕೊಡಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ನವಲಗುಂದದ ರೈತರ ಮೇಲೆ 1980ರ ಜುಲೈ 21ರಂದು ಗೋಲಿಬಾರ್ ನಡೆದು ಜೀವ ಹೋಯಿತು.

ಅಂಥ ಊರಲ್ಲಿ ಪೇಟೆಯ ಚಿತ್ರ ನೋಡಿ ಅಂಗಳಕ್ಕೆ ಹುಲ್ಲುಹಾಸು ಹಾಕಿದರೆ, ಬೇಸಿಗೆಯಲ್ಲಿ ಅದು ಕುಡಿಯುವ ನೀರಿಗೇ ಪಾಲು ಕೇಳುತ್ತದೆ. ಚಳಿಗಾಲದಲ್ಲಿ ನೀರಿನ ದಾರಿ, ನೆರಳು ನೋಡಿ ಜಾಗ ಗುರುತಿಸಬೇಕು; ಬೇಸಿಗೆಯಲ್ಲಿ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು; ಮುಂಗಾರಿಗೆ ಸಸಿ ನೆಡಬೇಕು. ವಸಂತ ಒಂದು ವರ್ಷ ತಡವಾಗಿ ಬಂದೀತು. ಆದರೆ ನೆರೆಮನೆಯ ಕೊಡ ಬರಿದಾಗದು.