ಊಟದ ಲೆಕ್ಕ ಬದಲಾಗುವುದೇಕೆ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಊಟವನ್ನು ಬಲ್ಲವರು ಯಾರು ಎಂಬುದೇ ಈಗಿನ ಪ್ರಶ್ನೆಯಾಗಿದೆ. ನಿನ್ನೆ ಒಂದು ಹೇಳುತ್ತಾರೆ, ಇಂದು ಇನ್ನೊಂದು ಹೇಳುತ್ತಾರೆ, ಇವರ ಮಾತನ್ನು ನಂಬುವುದು ಹೇಗೆ ಎಂಬ ಆಕ್ಷೇಪಣೆ ಕೊಂಡಾಪುರದ ನಮ್ಮ ಕನ್ನಡ ಮನೆಗಳಲ್ಲೂ ಕೇಳಿಬರುವುದುಂಟು. ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಭಾರತೀಯರು ಏನನ್ನು, ಎಷ್ಟು ಉಣ್ಣಬೇಕೆಂದು ದೇಶಕ್ಕೆಲ್ಲ ಹೇಳುವ ರಾಷ್ಟ್ರೀಯ ಪೋಷಣ ಸಂಸ್ಥೆ ಇರುವುದು ನಮ್ಮ ಹೈದರಾಬಾದಿನ ತಾರ್ನಾಕದಲ್ಲಿಯೇ. ಅದು ನಡೆದುಬಂದ ದಾರಿಯನ್ನು ನೋಡಿದರೆ ಈ ಲೆಕ್ಕ ಏಕೆ ಬದಲಾಗುತ್ತ ಬಂತೆಂಬುದು ತಾನಾಗಿ ತಿಳಿಯುತ್ತದೆ.

ಸಂಸ್ಥೆಯ ಮೂಲ ಇರುವುದು ನೀಲಗಿರಿಯ ಕೂನೂರಿನಲ್ಲಿ. ೧೯೧೮ರಲ್ಲಿ ಅಲ್ಲಿನ ಪ್ಯಾಶ್ಚರ್ ಸಂಸ್ಥೆಯ ಒಂದೇ ಒಂದು ಕೊಠಡಿಯಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಯನ್ನು ಆರಂಭಿಸಿದರು. ಕೈಕಾಲುಗಳ ಶಕ್ತಿಯನ್ನು ಉಡುಗಿಸಿ ಹೃದಯವನ್ನೂ ಕೆಡಿಸುವ ಈ ರೋಗ, ಯಂತ್ರದಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ನೆಚ್ಚಿದವರಿಗೆ ಬರುತ್ತಿತ್ತು. ತೌಡಿನೊಂದಿಗೆ ಬಿ-೧ ಜೀವಸತ್ವವೂ ಹೊರಟುಹೋಗುವುದೇ ಇದಕ್ಕೆ ಕಾರಣ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಕುಚ್ಚಲಕ್ಕಿಯಲ್ಲಾದರೋ ಆ ಸತ್ವ ಕಾಳಿನ ಒಳಕ್ಕೆ ಇಳಿದು ಬಹುಮಟ್ಟಿಗೆ ಉಳಿಯುತ್ತದೆ. ದಕ್ಷಿಣ ಕನ್ನಡದ ಗಂಜಿಯೂಟವನ್ನು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು.

ಮ್ಯಾಕ್‌ಕ್ಯಾರಿಸನ್ನರ ಇನ್ನೊಂದು ಪ್ರಯೋಗ ಕನ್ನಡಿಗರಾದ ನಮಗೆ ವಿಶೇಷ ಸ್ವಾರಸ್ಯದ್ದು. ೧೯೨೦ರ ದಶಕದಲ್ಲಿ ಅವರು ಇಲಿಮರಿಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೂ ಭಾರತದ ಒಂದೊಂದು ಭಾಗದ ಜನರ ಊಟವನ್ನು ಹಾಕಿ ಬೆಳೆಸಿದರು. ಸಿಖ್ಖರ, ಪಠಾಣರ, ಮರಾಠರ, ಬಂಗಾಳಿಗಳ, ಮದರಾಸಿನವರ ಊಟಗಳ ಜೊತೆಗೆ ಕನ್ನಡಿಗರ ಊಟವೂ ಅದರಲ್ಲಿ ಸೇರಿತ್ತು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಗಳಿಂದ ಕೂಡಿದ ಸಿಖ್ಖರ ಊಟವನ್ನು ಉಂಡ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಅಕ್ಕಿಯೇ ಪ್ರಧಾನವಾದ ಮದರಾಸಿನ ಊಟ ಕೊನೆಯಲ್ಲಿ ನಿಂತಿತು. ನಮ್ಮ ಊಟದ ಇಲಿಗಳಿಗೂ ಮೇಲಿನ ಪಂಕ್ತಿ ದೊರೆಯಲಿಲ್ಲ. ಮೈಕಟ್ಟಿನ ವ್ಯತ್ಯಾಸಕ್ಕೆ ಕುಲವನ್ನು, ಹವೆಯನ್ನು ಕಾರಣ ಮಾಡುತ್ತಿದ್ದ ಕಾಲದಲ್ಲಿ, ಮೊದಲು ತಟ್ಟೆಯನ್ನು ನೋಡಿರೆಂದು ಹೇಳಿದ ಪ್ರಯೋಗವಿದು.

೧೯೩೫ರಲ್ಲಿ ನಿರ್ದೇಶಕರಾಗಿ ಬಂದ ಡಬ್ಲ್ಯು. ಆರ್. ಆಯ್‌ಕ್ರಾಯ್ಡ್ ಅವರು ಭಾರತದ ಆಹಾರಪದಾರ್ಥಗಳ ಸತ್ವವನ್ನು ಅಳೆದು ೧೯೩೭ರಲ್ಲಿ ಒಂದು ಪುಸ್ತಿಕೆಯನ್ನು ಹೊರತಂದರು. ರಾಗಿಯಲ್ಲಿ ಸುಣ್ಣದಂಶವೆಷ್ಟು, ತೊಗರಿಯಲ್ಲಿ ಪ್ರೋಟೀನು ಎಷ್ಟು ಎಂಬುದಕ್ಕೆ ಹೀಗೆ ಆಧಾರ ಸಿಕ್ಕಿತು. ಆ ಪಟ್ಟಿಯ ಪರಂಪರೆ ಮುಂದುವರಿದು, ೨೦೧೭ರಲ್ಲಿ ೫೨೮ ಪದಾರ್ಥಗಳ ಹೊಸ ಕೋಷ್ಟಕ ಬಂದಿದೆ. ಒಬ್ಬ ಭಾರತೀಯನಿಗೆ ದಿನಕ್ಕೆ ಎಷ್ಟು ಆಹಾರ ಬೇಕೆಂಬ ಮೊದಲ ಶಿಫಾರಸು ೧೯೪೪ರದು, ಅಂದರೆ ಬಂಗಾಳದ ಕ್ಷಾಮದ ಮರುವರ್ಷದ್ದು. ಆಗಿನ ಚಿಂತೆಯೆಲ್ಲ ಜನಕ್ಕೆ ಹೊಟ್ಟೆ ತುಂಬುವುದು ಹೇಗೆ ಎಂಬುದೇ ಆಗಿತ್ತು.

೧೯೫೮ರಲ್ಲಿ ಪ್ರಯೋಗಶಾಲೆ ಕೂನೂರಿನಿಂದ ಹೈದರಾಬಾದಿಗೆ ಬಂದಿತು. ೧೯೬೯ರಲ್ಲಿ ಅದಕ್ಕೆ ಈಗಿನ ಹೆಸರಾಯಿತು. ಇಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ಜೋಳವೊಂದನ್ನೇ ಉಂಡು ಬದುಕುತ್ತಿದ್ದ ದಖ್ಖನಿನ ಬಡವರಲ್ಲಿ ಪೆಲ್ಲಾಗ್ರ ಎಂಬ ಚರ್ಮರೋಗವನ್ನು ಕಂಡು ೧೯೬೦ರಲ್ಲಿ ಪ್ರಕಟಿಸಿದರು. ಕಲಬುರಗಿ, ಬೀದರಗಳಿಂದ ಬಂದ ನಮ್ಮ ಬಂಧುಗಳು ಇದರಿಂದ ಜೋಳದ ರೊಟ್ಟಿಯ ಮೇಲೆ ಕೋಪಿಸಿಕೊಳ್ಳಬೇಕಾಗಿಲ್ಲ. ದೋಷವಿದ್ದುದು ಜೋಳ ಬಿಟ್ಟರೆ ಬೇರೇನೂ ಇಲ್ಲದ ಬಡತನದಲ್ಲಿ. ತಟ್ಟೆಗೆ ಬೇರೆ ಪದಾರ್ಥಗಳೂ ಬಂದು ಸೇರಿದಂತೆ ಆ ರೋಗ ಅಪರೂಪವಾಯಿತು.

ಜಗತ್ತೆಲ್ಲ ‘ಪ್ರೋಟೀನಿನ ಕೊರತೆ’ ಎಂದು ಕೂಗುತ್ತಿದ್ದ ದಿನಗಳಲ್ಲಿ, ನಮ್ಮ ಮಕ್ಕಳಿಗೆ ಮೊದಲು ಬೇಕಾದುದು ಸಾಕಷ್ಟು ಊಟ, ಮಾಮೂಲಿನ ಧಾನ್ಯ-ಬೇಳೆಗಳನ್ನೇ ಹೊಟ್ಟೆ ತುಂಬ ಕೊಟ್ಟರೆ ಪ್ರೋಟೀನೂ ಬಹುಪಾಲು ಒದಗುತ್ತದೆ ಎಂದು ಗೋಪಾಲನ್ನರು ವಾದಿಸಿದರು. ಇಂಥ ವಾದಕ್ಕೆ ಮನೆಮನೆಯ ಲೆಕ್ಕ ಬೇಕು. ೧೯೭೨ರಲ್ಲಿ ಸಂಸ್ಥೆಯ ಆಶ್ರಯದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪೋಷಣ ಪರಿವೀಕ್ಷಣ ವಿಭಾಗ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಮನೆಗಳಿಗೆ ಹೋಗಿ, ಜನ ಏನು ಉಣ್ಣುತ್ತಾರೆಂದು ದಶಕಗಳ ಕಾಲ ಅಳೆಯಿತು.

ಪರಿಷ್ಕರಣ ನಡೆಯುವುದು ಹೀಗೆ. ಮನೆಗಳಲ್ಲಿ ಅಳೆದ ಲೆಕ್ಕ, ಪದಾರ್ಥಗಳ ಕೋಷ್ಟಕ, ಹೊಸ ಸಂಶೋಧನೆಗಳು ಇವೆಲ್ಲವನ್ನೂ ತಜ್ಞರ ಸಮಿತಿಯೊಂದು ಮುಂದಿಟ್ಟುಕೊಂಡು ದೇಹಕ್ಕೆ ಬೇಕಾದ ಪ್ರಮಾಣವನ್ನು ನಿಗದಿ ಮಾಡುತ್ತದೆ. ೨೦೧೦ರಲ್ಲಿ ಮಾದರಿ ಪುರುಷನ ತೂಕ ೬೦ ಕಿಲೋ. ಕುಳಿತು ಕೆಲಸ ಮಾಡುವವನಾದರೆ ಅವನಿಗೆ ದಿನಕ್ಕೆ ೨,೩೨೦ ಕ್ಯಾಲೊರಿ ಎಂದಿತ್ತು. ೨೦೨೦ರಲ್ಲಿ ತೂಕ ೬೫ ಕಿಲೋಗೆ ಏರಿತು. ಕ್ಯಾಲೊರಿ ಮಾತ್ರ ೨,೧೧೦ಕ್ಕೆ ಇಳಿಯಿತು. ಕುಳಿತು ದುಡಿಯುವ ಹೆಂಗಸಿಗೆ ೧,೯೦೦ ಇದ್ದುದು ೧,೬೬೦ ಆಯಿತು. ತೂಕ ಹೆಚ್ಚಿದರೂ ಅನ್ನ ಕಡಿಮೆಯಾದುದೇಕೆ? ಮೈ ದಣಿಸದ ಬದುಕಿಗೆ ವ್ಯಯವಾಗುವ ಶಕ್ತಿ ಹಿಂದೆ ಎಣಿಸಿದುದಕ್ಕಿಂತ ಕಡಿಮೆ ಎಂದು ಸಮಿತಿ ಲೆಕ್ಕವನ್ನು ತಿದ್ದಿತು. ಕಚೇರಿಯ ಕುರ್ಚಿಯಲ್ಲಿ ಸಂಜೆಯವರೆಗೆ ಕೂರುವ ನಮ್ಮಂಥವರನ್ನು ಕುರಿತ ಮಾತೇ ಇದು.

ಈ ಅಂಕಿಗಳನ್ನು ಅಡಿಗೆಮನೆಯ ಭಾಷೆಗೆ ತರುವುದೇ ಜನರಿಗಾಗಿ ಬರೆದ ಮಾರ್ಗಸೂಚಿ. ಅದು ೧೯೯೮ರಲ್ಲಿ ಮೊದಲು ಬಂತು. ೨೦೧೧ರಲ್ಲಿ ಎರಡನೆಯ ಸಲ ಪರಿಷ್ಕೃತವಾಗಿ ಬಂತು. ೨೦೨೪ರ ಮೇ ತಿಂಗಳಲ್ಲಿ, ಆಗಿನ ನಿರ್ದೇಶಕಿ ಡಾ. ಆರ್. ಹೇಮಲತಾ ಅವರ ನೇತೃತ್ವದ ಸಮಿತಿ ಸಿದ್ಧಪಡಿಸಿದ ೧೭ ಸೂತ್ರಗಳ ಆವೃತ್ತಿ ಹೊರಬಂತು. ೨,೦೦೦ ಕ್ಯಾಲೊರಿಯ ದಿನಕ್ಕೆ ಧಾನ್ಯ ೨೫೦ ಗ್ರಾಂ, ತರಕಾರಿ-ಸೊಪ್ಪು ೪೦೦ ಗ್ರಾಂ, ಹಣ್ಣು ೧೦೦ ಗ್ರಾಂ, ಬೇಳೆ ಅಥವಾ ಮೊಟ್ಟೆ-ಮಾಂಸ ೮೫ ಗ್ರಾಂ, ಹಾಲು ೩೦೦ ಮಿಲಿಲೀಟರು ಎಂದು ಅದು ಹೇಳುತ್ತದೆ. ಶಕ್ತಿಯಲ್ಲಿ ಶೇಕಡಾ ೪೫ಕ್ಕಿಂತ ಹೆಚ್ಚು ಧಾನ್ಯದಿಂದ ಬರಬಾರದು. ನಮ್ಮ ಜನರಲ್ಲಿ ಅದು ೫೦ರಿಂದ ೭೦ರಷ್ಟಿದೆ. ಉಪ್ಪು ದಿನಕ್ಕೆ ೫ ಗ್ರಾಂ ಮೀರಬಾರದು. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ. ಪೊಟ್ಟಣದ ಮೇಲಿನ ಚೀಟಿಯನ್ನು ಓದಿ ಕೊಳ್ಳಬೇಕು.

ಕಾಫಿಪ್ರಿಯರಿಗೂ ಅಲ್ಲಿ ಒಂದು ಮಾತಿದೆ. ದಿನಕ್ಕೆ ೩೦೦ ಮಿಲಿಗ್ರಾಂ ಕೆಫೀನು ಸಾಕು. ೧೫೦ ಮಿಲಿಲೀಟರಿನ ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲೇ ೮೦ರಿಂದ ೧೨೦ ಮಿಲಿಗ್ರಾಂ ಇರುತ್ತದೆ. ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ಅನಂತರವೂ ಕಾಫಿ-ಚಹಾ ಬೇಡವೆನ್ನುವುದು, ಅದರೊಳಗಿನ ಟ್ಯಾನಿನ್ ಊಟದ ಕಬ್ಬಿಣವನ್ನು ದೇಹಕ್ಕೆ ಸೇರಗೊಡದ ಕಾರಣ. ಊಟವಾದ ಕೂಡಲೇ ಬಿಸಿ ಕಾಫಿ ಕೈಗೆ ಬರುವ ಮನೆಗಳಲ್ಲಿ, ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳಿರುವಾಗ ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಅಂದು ‘ಹೊಟ್ಟೆ ತುಂಬ ಉಣ್ಣಿ’ ಎಂದವರು ಇಂದು ‘ಅನ್ನ ಕಡಿಮೆ ಮಾಡಿ’ ಎನ್ನುವುದು ಚಪಲಚಿತ್ತದಿಂದಲ್ಲ. ಜನರ ದುಡಿಮೆ ಬದಲಾಯಿತು, ರೋಗ ಬದಲಾಯಿತು, ಅಳೆಯುವ ಸಾಧನವೂ ಸುಧಾರಿಸಿತು. ಆದರೆ ಬದಲಾಗದೆ ಉಳಿದ ಮಾತೂ ಒಂದಿದೆ. ಬಿಳಿ ಅಕ್ಕಿಯೊಂದನ್ನೇ ನೆಚ್ಚಬೇಡಿರೆಂದು ಕೂನೂರಿನ ಕೊಠಡಿಯಲ್ಲಿ ತಿಳಿದದ್ದನ್ನೇ ತಾರ್ನಾಕದ ಪುಸ್ತಕ ಇಂದೂ ಹೇಳುತ್ತಿದೆ. ಊರು ಬಿಟ್ಟು ಬಂದ ನಾವು ರಾಗಿಮುದ್ದೆ, ಜೋಳದ ರೊಟ್ಟಿ, ಬಸ್ಸಾರು, ಸೊಪ್ಪಿನ ಹುಳಿಗಳನ್ನು ಹಬ್ಬದ ದಿನದ ನೆನಪಾಗಿ ಉಳಿಸಿಕೊಂಡರೆ ಸಾಲದು. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ, ಜೊತೆಗೆ ಸೊಪ್ಪು ಮತ್ತು ಮಜ್ಜಿಗೆ. ಇದು ನಮ್ಮ ಅಜ್ಜಿಯರಿಗೆ ಅಪರಿಚಿತವಾದ ಊಟವೇನಲ್ಲ. ಸಂಘದ ಮುಂದಿನ ಮಹಿಳಾ ಕೂಟದಲ್ಲಿ, ಗಂಡಸರನ್ನೂ ಕೂರಿಸಿಕೊಂಡು, ಈ ೧೭ ಸೂತ್ರಗಳನ್ನು ಕನ್ನಡದಲ್ಲಿ ಓದಿ ಚರ್ಚಿಸಿದರೆ ಒಂದು ಸಂಜೆ ಸಾರ್ಥಕವಾದೀತು.